ನನ್ನ ರೋಗಕ್ಕೆ ಟೈಫಾಯಿಡ್ ಎಂದು ಬರೆಯಬೇಡಿ

ಚರಿತ್ರೆಯ ಕ್ಲಾಸು. ಹಾಜರಿ ಕರೆಯುತ್ತಿದ್ದರು. ನನಗಿಂತ ಮೊದಲಿನ ಹೆಸರು ಕೇಳಿತು. ನನ್ನ ನಂತರದ ಹೆಸರೂ ಕೇಳಿತು. ನಡುವಿನ ನನ್ನ ಹೆಸರು ಮಾತ್ರ ಕೇಳಲಿಲ್ಲ.

ನಾನು ಮೊದಲ ಬೆಂಚಿನಲ್ಲೇ ಕೂತಿದ್ದೆ. ಲೆಕ್ಚರರು ನನ್ನ ಮುಖ ನೋಡುತ್ತಲೇ ಮತ್ತೆ ಮತ್ತೆ ಕರೆದರಂತೆ. ನಾನೂ ಅವರನ್ನೇ ನೋಡುತ್ತಿದ್ದೆನಂತೆ, ರೆಪ್ಪೆ ಮಿಟುಕಿಸದೆ, ಏನನ್ನೋ ಜಗಿಯುವವಳ ಹಾಗೆ ತುಟಿ ಆಡಿಸುತ್ತಾ. ಹುಡುಗರ ಕಡೆಯಿಂದ ನಗು ಎದ್ದಿತು. ಸೊಕ್ಕಿನ ಹುಡುಗಿ ಎಂದು ಲೆಕ್ಚರರಿಗೆ ಅನಿಸಿತು. ಗೈರುಹಾಜರಿ ಹಾಕಿ ಮುಂದೆ ಹೋದರು.

ಎದುರಿಗೆ ಕೂತವಳನ್ನು ಇಲ್ಲ ಎಂದು ಬರೆದರು.

ಹಾಗೆ ಆಗಾಗ ಆಗತೊಡಗಿತು. ಒಮ್ಮೆ ಕ್ಲಾಸಿನ ಹೊರಗೆ ನಿಲ್ಲಿಸಿದರು. ನಾನೇನು ತಪ್ಪು ಮಾಡಿದೆ ಎಂದು ನನಗೇ ಗೊತ್ತಿರಲಿಲ್ಲ, ಹಾಗಾಗಿ ಕ್ಷಮೆ ಕೇಳಲೂ ಇಲ್ಲ. ಅದೂ ಸೊಕ್ಕಿನ ಲೆಕ್ಕಕ್ಕೇ ಸೇರಿತು. ಕಾಲೇಜಿಗೆ ನಮ್ಮನ್ನು ನೋಡಲು ಇದ್ದದ್ದು ಎರಡೇ ದಾರಿ. ಒಂದು ಹಾಜರಿ, ಇನ್ನೊಂದು ಮಾರ್ಕು. ಇವೆರಡರ ನಡುವೆ ಒಬ್ಬಳು ಏನಾಗುತ್ತಿದ್ದಾಳೆ ಎಂದು ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಇದನ್ನು ನಾನು ದೂರು ಎಂದು ಹೇಳುತ್ತಿಲ್ಲ ಎಂದು ಬರೆಯಬಹುದಿತ್ತು. ಆದರೆ ದೂರೆಂದೇ ಹೇಳುತ್ತಿದ್ದೇನೆ.

ಆಗ ನಾನು ಬಿ.ಎ. ಎರಡನೇ ವರ್ಷ. ಗುತ್ತಿಗಾರಿನಿಂದ ಪುತ್ತೂರಿಗೆ ಬಂದು ಕಾಲೇಜು ಹತ್ತಿದ ನಮ್ಮ ಕುಟುಂಬದ ಮೊದಲ ಹೆಣ್ಣು. ಹೆಸರು ಭಾಗೀರಥಿ. ಕಾಲೇಜಿನವರು ಹುಡುಗಿಯರಿಗೆಂದು ಬಾಡಿಗೆಗೆ ಹಿಡಿದಿದ್ದ ಹಂಚಿನ ಮನೆಯೇ ನಮ್ಮ ಹಾಸ್ಟೆಲು. ವಾರ್ಡನ್ ಸರಸ್ವತಿ ಟೀಚರ್, ಎಲಿಮೆಂಟರಿ ಶಾಲೆಯಿಂದ ರಿಟೈರಾದವರು. ನನ್ನ ಕೋಣೆಯವಳು ಸುಂದರಿ, ಉಪ್ಪಿನಂಗಡಿ ಕಡೆಯವಳು, ಮನೆಮಾತು ತುಳು. ನಮ್ಮದು ಅರೆಭಾಷೆ, ನಮ್ಮ ಕಡೆಯ ಗೌಡರ ಕನ್ನಡ. ನನ್ನ ಮಾತು ಕೇಳಿ ಅವಳು ನಗುತ್ತಿದ್ದಳು, ಅವಳ ಕನ್ನಡ ಕೇಳಿ ನಾನು. ಹೀಗೆ ಚೆನ್ನಾಗಿಯೇ ಇದ್ದೆವು.

ಹಾಸ್ಟೆಲಿನಲ್ಲಿ ಪ್ರತಿ ಸಂಜೆ ಕಾಲುದೀಪ ಹಚ್ಚಿ ಭಜನೆ. ಒಂದು ಶುಕ್ರವಾರ ಭಜನೆ ಏರಿದ ಹೊತ್ತಿಗೆ ನನ್ನ ಕೈಯ ತಾಳ ನೆಲಕ್ಕೆ ಬಿತ್ತಂತೆ. ಆಮೇಲೆ ನಾನೂ ಬಿದ್ದೆ. ಕಣ್ಣು ಮೇಲೆ ಸಿಕ್ಕಿ, ಮೈಯೆಲ್ಲಾ ಸೆಟೆದು ನಡುಗಿತಂತೆ. ಇದೆಲ್ಲಾ ಕೇಳಿದ್ದು. ನನಗೆ ನೆನಪಿರುವುದು ನಾಲಿಗೆಯಲ್ಲಿದ್ದ ರಕ್ತದ ರುಚಿ ಮಾತ್ರ.

ನಮ್ಮ ಸೀಮೆಯಲ್ಲಿ ಮೈ ನಡುಗುವುದನ್ನು ನೋಡದೆ ಬೆಳೆದ ಮಗು ಇಲ್ಲ. ಭೂತದ ಕೋಲದಲ್ಲಿ, ತಂಬಿಲದ ಪೂಜೆಯಲ್ಲಿ, ಪಾತ್ರಿಯ ಮೇಲೆ ದೈವ ಬರುತ್ತದೆ. ಆಗ ಮುಟ್ಟಬಾರದು. ಅಡ್ಡ ಹೋಗಬಾರದು. ಕೈ ಮುಗಿದು ದೂರ ನಿಲ್ಲಬೇಕು, ಬಂದದ್ದು ಯಾರು ಎಂದು ವಿನಯದಿಂದ ಕೇಳಬೇಕು. ಸುಂದರಿಯ ಸೋದರಮಾವನೇ ಪಾತ್ರಿ. ಅವಳಿಗೆ ಕ್ರಮವೆಲ್ಲಾ ಗೊತ್ತು. ಅವಳು ಭಜನೆ ನಿಲ್ಲಿಸಿ, ಎಲ್ಲರನ್ನೂ ಹಿಂದಕ್ಕೆ ಸರಿಸಿ ಕೈ ಮುಗಿದಳು.

ಸರಸ್ವತಿ ಟೀಚರ್ ಬೇಡಿಕೊಂಡರಂತೆ: "ಯಾರು ಬಂದದ್ದೂಂತ ಹೇಳ್ಬೇಕು. ಕಲಿಲಿಕ್ಕೆ ಬಂದ ಮಕ್ಕಳು ಇವರು. ಗೊತ್ತಿಲ್ಲದೆ ಎಂತಾದ್ರು ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಬೇಕು."

ಅಷ್ಟರಲ್ಲಿ ಕಾಲುದೀಪ ನನ್ನ ಎಡಗೈ ಮೇಲೆ ಉರುಳಿತ್ತು. ಕಾದ ಎಣ್ಣೆ, ಉರಿಯುವ ಬತ್ತಿ, ಎಲ್ಲವೂ ನನ್ನ ಕೈ ಮೇಲೆ.

ಯಾರೂ ಮುಟ್ಟಲಿಲ್ಲ.

ಅವರಿಗೆ ನನ್ನ ಮೇಲೆ ದ್ವೇಷವಿರಲಿಲ್ಲ. ಇದನ್ನು ಅರಗಿಸಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಭಕ್ತಿಯಿಂದಲೇ, ಎಲ್ಲವನ್ನೂ ಕ್ರಮಪ್ರಕಾರವೇ ಮಾಡಿ, ಒಬ್ಬಳ ಕೈ ಸುಡುವುದನ್ನು ನೋಡುತ್ತಾ ನಿಂತಿದ್ದರು. ನಮ್ಮ ಮನೆಯ ದೈವಕ್ಕೆ ನಾನೂ ಕೈ ಮುಗಿಯುವವಳೇ, ಈಗಲೂ ಮುಗಿಯುತ್ತೇನೆ. ಆದರೆ ದೈವ ಯಾವುದು, ರೋಗ ಯಾವುದು ಎಂದು ಕೇಳುವ ಒಂದು ಬಾಯಿಯೂ ಆ ಕೋಣೆಯಲ್ಲಿ ಇರಲಿಲ್ಲವಲ್ಲ! ಮೊಣಕೈಯಿಂದ ಮಣಿಕಟ್ಟಿನವರೆಗೆ ಗುಳ್ಳೆ ಎದ್ದಿತ್ತು.

ಮರುದಿನದಿಂದ ನಾನು ದೊಡ್ಡ ಜನ. ಊಟಕ್ಕೆ ಮೊದಲ ಎಲೆ ನನಗೆ. ನನ್ನ ಚಾಪೆ ದಾಟುವವರಿಲ್ಲ. ಎಕನಾಮಿಕ್ಸಿನ ಒಬ್ಬಳು ಬಂದು, ಈ ವರ್ಷ ತಾನು ಪಾಸಾಗುವುದು ಉಂಟೋ ಎಂದು ಕೇಳಿದಳು. "ಓದಿದ್ರೆ ಆಗ್ತಿ," ಎಂದೆ. ಅವಳು ಅದನ್ನು ಅಭಯವಾಕ್ಯವೆಂದು ತೆಗೆದುಕೊಂಡು ಸಂತೋಷದಿಂದ ಹೋದಳು. ಕೈಯ ಉರಿ ತಡೆಯಲಾರದೆ ನಾನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ.

ಎರಡನೆಯ ಸಲ ಬಿದ್ದದ್ದು ಕಾಲೇಜಿನ ವರಾಂಡದಲ್ಲಿ, ಹುಡುಗರೆಲ್ಲಾ ಕ್ಲಾಸು ಬಿಟ್ಟು ಹೊರಬರುವ ಹೊತ್ತಿಗೆ. ಸೀರೆ ಒದ್ದೆಯಾಗಿತ್ತು. ಎಚ್ಚರವಾದಾಗ ನನ್ನ ಮುಷ್ಟಿಯಲ್ಲಿ ಲ್ಯಾಬೊರೇಟರಿಯ ಬೀಗದ ಕೈಗೊಂಚಲು ಇತ್ತು. ಕೆಮಿಸ್ಟ್ರಿಯ ಲೆಕ್ಚರರು ಓಡಿಬಂದು ಕಬ್ಬಿಣ ಹಿಡಿಸಿದ್ದರು. ಎಂ.ಎಸ್ಸಿ. ಓದಿದವರು! ಯಾರೋ ಚಪ್ಪಲಿಯನ್ನೂ ಮೂಸಿಸಿದ್ದರು. ಆದರೆ ಒಂದು ಉಪಕಾರವಾಯಿತು. ಇದು ದೈವ ಮೈಮೇಲೆ ಬರುವ ದರ್ಶನವಲ್ಲ, ಅಪಸ್ಮಾರ ಎಂದು ಊರಿಗೇ ಗೊತ್ತಾಯಿತು.

ಆ ಸಂಜೆಯೇ ಹಾಸ್ಟೆಲಿನಲ್ಲಿ ನನ್ನ ತಟ್ಟೆ, ಲೋಟ ಬೇರೆಯಾದವು.

ದೈವವೆಂದು ತಿಳಿದಾಗ ಎಲ್ಲರಿಗಿಂತ ಮೇಲೆ ಕೂರಿಸಿದರು. ರೋಗವೆಂದಾಗ ಎಲ್ಲರಿಗಿಂತ ದೂರ ಕೂರಿಸಿದರು. ಜೊತೆಯಲ್ಲಿ ಕೂರಿಸಿ ಎನ್ನುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಸುಂದರಿ ಕೂಡ ತನ್ನ ಟ್ರಂಕು ಎತ್ತಿಕೊಂಡು ಬೇರೆ ಕೋಣೆಗೆ ಹೋದಳು. ಹೋಗುವಾಗ ನನ್ನ ಮುಖ ನೋಡಲಿಲ್ಲ. ಅಂದು ನಾನು ಅತ್ತೆ. ಕಾಯಿಲೆ ಬಂದಿದೆಯೆಂದಲ್ಲ, ಅವಳು ಹೋದಳೆಂದು.

ಪ್ರಿನ್ಸಿಪಾಲರು ಅಪ್ಪನಿಗೆ ಹೇಳಿ ಕಳಿಸಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು.

"ಗೌಡ್ರೆ, ಮಗಳನ್ನು ಮನೆಗೆ ಕರ್ಕೊಂಡು ಹೋಗಿ. ಪರೀಕ್ಷೆಗೆ ಹಾಜರಿ ಕಮ್ಮಿ ಬೀಳ್ತದೆ, ಅದಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಟೈಫಾಯಿಡ್ ಅಂತ ಬರೆಸಿ. ಟೈಫಾಯಿಡ್ ಯಾರಿಗಾದ್ರು ಬರ್ತದೆ, ಮಾನ ಹೋಗುವ ಕಾಯಿಲೆ ಅಲ್ಲ. ನಾನು ಒಪ್ಪಿಕೊಳ್ತೇನೆ. ಆದ್ರೆ ಹಾಸ್ಟೆಲ್ ಇನ್ನು ಆಗುದಿಲ್ಲ. ಉಳಿದ ಮಕ್ಕಳು ಹೆದರಿದ್ದಾರೆ."

"ಆಯ್ತು ಸಾರ್," ಎಂದರು ಅಪ್ಪ.

ಅಪ್ಪನಿಗೆ ಅರ್ಥವಾಗದ್ದು ನನಗೆ ಅರ್ಥವಾಗಿತ್ತು. ಗುತ್ತಿಗಾರಿನಿಂದ ದಿನವೂ ಬಂದುಹೋಗುವುದು ಆಗದ ಮಾತು. ಹಾಸ್ಟೆಲ್ ಇಲ್ಲವೆಂದರೆ ಕಾಲೇಜೂ ಇಲ್ಲ. ಈ ಸಲದ ಪರೀಕ್ಷೆಗೆ ಹಾಜರಿ ಮಾಫಿ ಕೊಟ್ಟು, ಡಿಗ್ರಿಯನ್ನೇ ಕಿತ್ತುಕೊಳ್ಳುತ್ತಿದ್ದರು.

ಕಾಲೇಜಿನಿಂದ ನೇರವಾಗಿ ಡಾಕ್ಟರ ಹತ್ತಿರ ಹೋದೆವು. ಕೈ ಸುಟ್ಟಾಗ ಡ್ರೆಸಿಂಗ್ ಮಾಡಿದ್ದವರು ಅವರೇ. ಆಗ ಸರಸ್ವತಿ ಟೀಚರ್ "ದೀಪ ತಾಗಿದ್ದು" ಎಂದಷ್ಟೇ ಹೇಳಿದ್ದರಿಂದ ಅವರು ಹೆಚ್ಚು ಕೇಳಿರಲಿಲ್ಲ. ಈಗ ಎಲ್ಲವನ್ನೂ ಕೇಳಿದರು. ಕ್ಲಾಸಿನಲ್ಲಿ ಹೆಸರು ಕೇಳಿಸದೆ ಹೋದದ್ದನ್ನೂ ಹೇಳಿದೆ.

"ಅದೂ ಇದೇ. ಸಣ್ಣ ಫಿಟ್ಸ್ ಅದು," ಎಂದರು. "ಕಾಯಿಲೆಯ ಹೆಸರು ಎಪಿಲೆಪ್ಸಿ. ಮಿದುಳಿನದ್ದು. ಪಾಪದ್ದಲ್ಲ, ಶಾಪದ್ದಲ್ಲ, ಅಂಟುದೂ ಇಲ್ಲ."

"ಗುಣ ಆಗ್ತದಾ?" ಅಪ್ಪ ಕೇಳಿದರು.

"ಹಿಡಿತಕ್ಕೆ ಬರ್ತದೆ. ಮಾತ್ರೆ ತಪ್ಪಿಸ್ಲಿಕ್ಕಿಲ್ಲ, ನಿದ್ದೆ ಕೆಡ್ಲಿಕ್ಕಿಲ್ಲ. ಬಿದ್ರೆ ಮಗ್ಗುಲಿಗೆ ಮಲಗಿಸಿ. ಬೆಂಕಿ, ಕಲ್ಲು ಹತ್ತಿರ ಇದ್ರೆ ದೂರ ಮಾಡಿ. ಬಾಯಿಗೆ ಎಂತದೂ ಹಾಕ್ಬೇಡಿ. ಎಚ್ಚರ ಆಗುವವರೆಗೆ ಹತ್ತಿರ ಕೂತ್ಕೊಳ್ಳಿ. ಅಷ್ಟೇ."

ಅಷ್ಟೇ! ಒಂದು ಹಾಸ್ಟೆಲಿಗೆ, ಒಂದು ಕಾಲೇಜಿಗೆ ಗೊತ್ತಿರಬೇಕಾಗಿದ್ದದ್ದು ಅಷ್ಟೇ.

ಅಪ್ಪ ಟೈಫಾಯಿಡ್ ಸರ್ಟಿಫಿಕೇಟಿನ ಮಾತೆತ್ತಿದಾಗ ಡಾಕ್ಟರು ಆಮೇಲೆ ನೋಡುವಾ ಎಂದರು. ಮನೆಗೆ ಹೋದೆವು. ಫಿನೋಬಾರ್ಬಿಟೋನ್ ಎಂಬ ಮಾತ್ರೆ ನನ್ನನ್ನು ಒದ್ದೆ ಗೋಣಿಚೀಲ ಮಾಡಿಹಾಕಿತು. ಹಗಲೆಲ್ಲಾ ತೂಕಡಿಕೆ. ಒಂದು ಪುಟ ಓದಿ ಮುಗಿಸುವಾಗ ಅದರ ಮೊದಲ ಸಾಲು ಮರೆತಿರುತ್ತಿತ್ತು. ಬಾವಿಯಿಂದ ನೀರು ಸೇದಬಾರದು, ಒಲೆಯ ಹತ್ತಿರ ಕೂರಬಾರದು, ಒಬ್ಬಳೇ ಸ್ನಾನಕ್ಕೆ ಹೋದರೆ ಬಾಗಿಲು ಹಾಕಬಾರದು. ಅವ್ವ ಬಚ್ಚಲಿನ ಹೊರಗೆ ನಿಂತು ಮಗುವಿಗೆ ಕೇಳುವ ಹಾಗೆ "ಆಯ್ತಾ, ಆಯ್ತಾ" ಎಂದು ಕೇಳುತ್ತಿದ್ದಳು. ಅವಳ ಭಯ ನೋಡಿ ನನಗೆ ಸಿಟ್ಟು, ಸಿಟ್ಟು ಬಂತಲ್ಲಾ ಎಂದು ಆಮೇಲೆ ಅಳು.

ಸುದ್ದಿ ಕೇಳಿ ಕೊಲ್ಲಮೊಗ್ರಿನಿಂದ ಅತ್ತೆ ಬಂದರು. ನಮ್ಮವರು ಆಡಿದ್ದು ಅರೆಭಾಷೆಯಲ್ಲಿ, ಓದುವವರಿಗೆ ತಿಳಿಯಲೆಂದು ಊರ ಕನ್ನಡದಲ್ಲಿ ಬರೆಯುತ್ತೇನೆ.

"ಟೈಫಾಯಿಡ್ ಅಂತಲೇ ಬರೆಸಿ," ಎಂದರು ಅತ್ತೆ. "ಸರಕಾರದ ಕಾಗದದಲ್ಲಿ ಫಿಟ್ಸ್ ಅಂತ ಬಿದ್ದರೆ ಮುಗೀತು. ಇವಳದ್ದು ಬಿಡಿ, ಕಮಲನ್ನಾದರೂ ಯಾರು ಕೇಳಿಕೊಂಡು ಬರ್ತಾರೆ?"

ಕಮಲ ನನ್ನ ತಂಗಿ. ಅಲ್ಲೇ ತರಕಾರಿ ಹೆಚ್ಚುತ್ತಿದ್ದಳು. ಅತ್ತೆಯ ಮಾತು ನನಗೆ ನಾಟಿತು. ಇದ್ದದ್ದನ್ನೇ ಬರೆಸಬೇಕೆಂಬ ನನ್ನ ಹಠಕ್ಕೆ ಬೆಲೆ ತೆರಬೇಕಾದವಳು ಅವಳು. ಸಂಜೆ ಕಮಲಳನ್ನೇ ಕೇಳಿದೆ.

"ಸುಳ್ಳು ಹೇಳಿ ಮದುವೆ ಮಾಡಿಸಿ, ಆಮೇಲೆ ನೀನು ನನ್ನ ಗಂಡನ ಮನೆಗೆ ಬಂದಾಗ ಬಿದ್ದರೆ ಎಂತ ಮಾಡುದು?" ಎಂದಳು ಕಮಲ. "ಬರುವವ ನಿನ್ನನ್ನು ನೋಡಿಯೇ ಬರಲಿ."

ಹಾಜರಿ ಮಾಫಿಗೆ ಕೊನೆಯ ಅವಕಾಶವೆಂದು ಹೇಳಿದ್ದ ದಿನ ಹತ್ತಿರ ಬಂತು. ಅಪ್ಪ ಮತ್ತೆ ನನ್ನನ್ನು ಕರೆದುಕೊಂಡು ಪುತ್ತೂರಿಗೆ ಹೊರಟರು. ಡಾಕ್ಟರು ಪೆನ್ನು ತೆರೆದು ಅಪ್ಪನ ಮುಖ ನೋಡಿದರು.

"ಎಂತ ಬರೆಯುದು ಗೌಡ್ರೆ? ಟೈಫಾಯಿಡಾ?"

ಅಪ್ಪ ತಲೆ ತಗ್ಗಿಸಿದರು.

"ಬೇಡ ಡಾಕ್ಟ್ರೆ, ಇದ್ದದ್ದನ್ನೇ ಬರೀರಿ," ಎಂದೆ. "ಟೈಫಾಯಿಡ್ ಅಂತ ಬರೆದ್ರೆ ಪರೀಕ್ಷೆಗೆ ಬಿಡ್ತಾರೆ. ಆದ್ರೆ ನಾನು ಇನ್ನೊಮ್ಮೆ ಬಿದ್ರೆ? ಒಬ್ರು ಕೈ ಮುಗೀತಾರೆ, ಒಬ್ರು ಬೀಗದ ಕೈ ಹಿಡಿಸ್ತಾರೆ. ಟೈಫಾಯಿಡಿಗೆ ಯಾರಾದ್ರು ಮಗ್ಗುಲಿಗೆ ಮಲಗಿಸ್ತಾರಾ? ನನಗೆ ಇರುದು ಎಂತದೂಂತ ಗೊತ್ತಿಲ್ಲದವರ ಹತ್ತಿರ ನಾನು ಹೇಗೆ ಬದುಕುದು?"

ಡಾಕ್ಟರು ಪೆನ್ನು ಹಿಡಿದೇ ಇದ್ದರು. ಅಪ್ಪ ನನ್ನ ಸುಟ್ಟ ಕೈ ನೋಡಿದರು.

"ಇದರಿಂದ ನಿನಗೆ ಎಂತೆಲ್ಲಾ ಬರಬಹುದು ಗೊತ್ತುಟ್ಟಾ?" ಅರೆಭಾಷೆಯಲ್ಲಿ ಕೇಳಿದರು.

"ಗೊತ್ತುಟ್ಟು," ಎಂದೆ.

"ಅವಳು ಹೇಳಿದ ಹಾಗೆ ಬರೀರಿ," ಎಂದರು ಅಪ್ಪ ಡಾಕ್ಟರಿಗೆ. ಅಪ್ಪ ನನ್ನ ಪರವಾಗಿ ಮಾತಾಡಿದ್ದು ಅಷ್ಟೇ, ಬೇರೆ ಭಾಷಣವೇನೂ ಮಾಡಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಸರ್ಟಿಫಿಕೇಟು ಓದಿ ಪ್ರಿನ್ಸಿಪಾಲರು ಕನ್ನಡಕ ತೆಗೆದಿಟ್ಟರು.

"ನಾನು ಎಷ್ಟು ಉಪಾಯ ಹೇಳಿಕೊಟ್ಟೆ ಮಗು. ನಿನ್ನ ಒಳ್ಳೇದಕ್ಕೇ ಹೇಳಿದ್ದಲ್ವಾ?"

"ನನ್ನ ಒಳ್ಳೇದಕ್ಕಾದ್ರೆ ನನ್ನ ಹತ್ತಿರ ಒಂದು ಮಾತು ಕೇಳ್ಬೇಕಿತ್ತು ಸಾರ್. ನೀವೆಲ್ಲಾ ಅಪ್ಪನ ಹತ್ತಿರ ಮಾತಾಡಿದ್ದು."

"ಹಾಸ್ಟೆಲಲ್ಲಿ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?"

"ಆಗಿದೆ ಸಾರ್, ಹೆಚ್ಚುಕಮ್ಮಿ." ಕೈಯ ಬಟ್ಟೆ ಸರಿಸಿ ತೋರಿಸಿದೆ. "ಇದು ಫಿಟ್ಸಿನಿಂದ ಆದದ್ದಲ್ಲ. ಸುತ್ತ ಇದ್ದವರಿಗೆ ಗೊತ್ತಿಲ್ಲದ್ದರಿಂದ ಆದದ್ದು."

ಅವರು ಸರ್ಟಿಫಿಕೇಟನ್ನು ಇನ್ನೊಮ್ಮೆ ಓದಿದರು. ಹಾಜರಿ ಮಾಫಿ ಮಾಡುತ್ತೇನೆ ಎಂದರು. ಹಾಸ್ಟೆಲಿನ ಮಾತಿಗೆ ಒಂದು ಷರತ್ತು ಹಾಕಿದರು: ನನ್ನ ಜೊತೆ ಒಂದೇ ಕೋಣೆಯಲ್ಲಿ ಇರಲು ಒಬ್ಬ ಹುಡುಗಿಯಾದರೂ ತಾನಾಗಿ ಒಪ್ಪಬೇಕು. ಯಾರೂ ಒಪ್ಪುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು.

ಅಪ್ಪನನ್ನು ಹಾಸ್ಟೆಲಿನ ಜಗಲಿಯಲ್ಲಿ ಕೂರಿಸಿ ಒಳಗೆ ಹೋದೆ. ಸರಸ್ವತಿ ಟೀಚರ್ ಎಲ್ಲರನ್ನೂ ಕರೆದರು. ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಮಗ್ಗುಲು, ಬೆಂಕಿ, ಬಾಯಿ, ಎಚ್ಚರ. ನೆಲದ ಮೇಲೆ ಮಲಗಿ, ಮಗ್ಗುಲಿಗೆ ಹೊರಳಿಸುವುದು ಹೇಗೆಂದು ತೋರಿಸಿಯೂ ಕೊಟ್ಟೆ. ಇಬ್ಬರು ಮುಸಿಮುಸಿ ನಕ್ಕರು. ನಗಲಿ, ನೋಡಿದರಲ್ಲಾ. ಎದ್ದು ನಿಂತು ಕೇಳಿದೆ: "ನನ್ನ ಕೋಣೆಗೆ ಯಾರು ಬರ್ತೀರಿ?"

ಒಬ್ಬೊಬ್ಬರೂ ಪಕ್ಕದವಳ ಮುಖ ನೋಡಿದರು.

ಹೋಗಿ ಟ್ರಂಕು ಕಟ್ಟುವುದೇ ಸರಿ ಎಂದುಕೊಳ್ಳುವಾಗ ಸುಂದರಿ ಬಾಯಿಬಿಟ್ಟಳು.

"ಇನ್ನೊಮ್ಮೆ ಮಲಗು ಮಾರಾಯ್ತಿ."

"ಎಂತಕ್ಕೆ?"

"ನಾನು ಹೊರಳಿಸಿ ನೋಡ್ತೇನೆ. ನೋಡಿದ್ದು ಸಾಕಾಗುದಿಲ್ಲ, ಕೈಗೆ ಅಭ್ಯಾಸ ಆಗ್ಬೇಕು."

ನಾನು ಮಲಗಿದೆ. ಅವಳು ಮೊಣಕಾಲೂರಿ ಕೂತು ನನ್ನ ಭುಜಕ್ಕೆ ಕೈ ಹಾಕಿದಳು.

"ನನಗೆ ಹೆದರಿಕೆ ಹೋಗಿದೇಂತ ತಿಳ್ಕೋಬೇಡ. ಈಗಲೂ ಉಂಟು," ಎಂದಳು ಸಣ್ಣ ಸ್ವರದಲ್ಲಿ. "ಆದ್ರೆ ಆ ದಿನ ಎಲ್ಲರನ್ನೂ ದೂರ ನಿಲ್ಲಿಸಿದವಳು ನಾನೇ. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ." ಹೀಗೆಂದವಳೇ ನನ್ನನ್ನು ಅಕ್ಕಿಮುಡಿ ಉರುಳಿಸಿದ ಹಾಗೆ ಉರುಳಿಸಿಬಿಟ್ಟಳು. ಈ ಸಲ ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳ ಟ್ರಂಕು ಸಂಜೆಯೊಳಗೆ ನನ್ನ ಕೋಣೆಗೆ ವಾಪಸ್ಸು ಬಂತು.

ಮುಂದೆ ಒಂದು ಭಾನುವಾರ ತಲೆ ಬಾಚುವಾಗ ಮತ್ತೆ ಬಿದ್ದೆ. ಎಚ್ಚರವಾದಾಗ ಮಗ್ಗುಲಲ್ಲಿದ್ದೆ, ತಲೆಯಡಿಗೆ ಮಡಚಿದ ಸೀರೆ ಇತ್ತು. ಸುಂದರಿ ಪಕ್ಕದಲ್ಲಿ ಕೂತು ತುಳುವಿನಲ್ಲಿ ನನಗೋ ಕಾಯಿಲೆಗೋ ಬೈಯುತ್ತಿದ್ದಳು. ಮೈಯಲ್ಲಿ ಎಲ್ಲೂ ಗಾಯವಿರಲಿಲ್ಲ.

ಪರೀಕ್ಷೆ ಬರೆದೆ. ಪಾಸಾದೆ, ಚರಿತ್ರೆಯಲ್ಲಿ ಅಷ್ಟಕ್ಕಷ್ಟೇ. ಮಾತ್ರೆಯ ಮಂಪರು ಈಗ ಕಡಿಮೆ. ಫಿಟ್ಸ್ ಪೂರ್ತಿ ನಿಂತಿಲ್ಲ. ನಿಂತೀತೋ ಇಲ್ಲವೋ ಡಾಕ್ಟರೂ ಹೇಳುವುದಿಲ್ಲ. ಅದಕ್ಕಾಗಿ ಕಾಯುತ್ತಾ ಕೂರಲು ನನಗೆ ಪುರುಸೊತ್ತಿಲ್ಲ.

ಈ ವರ್ಷ ಕಾಲೇಜು ಶುರುವಾದಾಗ ಹೊಸ ವಿದ್ಯಾರ್ಥಿಗಳನ್ನು ಸಭಾಂಗಣದಲ್ಲಿ ಸೇರಿಸಿದ್ದರು. ಹಿರಿಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಎರಡು ಮಾತು ಹೇಳಿ ಎಂದರು ಪ್ರಿನ್ಸಿಪಾಲರು. ಶಿಸ್ತಿನ ಬಗ್ಗೆ ಹೇಳಿಯಾರು ಎಂದು ಅವರ ಲೆಕ್ಕ. ನಾನು ಎದ್ದು ಹೋಗಿ ನನ್ನ ಹೆಸರು ಹೇಳಿದೆ, ಕಾಯಿಲೆಯ ಹೆಸರು ಹೇಳಿದೆ, ಬಿದ್ದರೆ ಏನು ಮಾಡಬೇಕೆಂದು ಹೇಳಿದೆ. "ಇಲ್ಲಿ ಕೂತವರಲ್ಲಿ ಇನ್ನೂ ಯಾರಿಗಾದ್ರು ಯಾವುದಾದ್ರು ಕಷ್ಟ ಇರಬಹುದು. ಮೈಯದ್ದೋ ಮನಸ್ಸಿನದ್ದೋ. ಹೇಳ್ಲಿಕ್ಕೆ ಬೇರೆ ಯಾರೂ ಸಿಕ್ಕದಿದ್ರೆ ನನ್ನ ಹತ್ತಿರ ಬನ್ನಿ," ಎಂದು ಇಳಿದೆ. ಆಮೇಲೆ ಪ್ರಿನ್ಸಿಪಾಲರು ಕರೆದು, ಇಂಥದ್ದನ್ನೆಲ್ಲಾ ಸಭೆಯಲ್ಲಿ ಹೇಳಬಾರದು, ಕಾಲೇಜಿಗೆ ಕೆಟ್ಟ ಹೆಸರು ಎಂದು ಬೈದರು. ಬೈಸಿಕೊಂಡೆ.

ಮೊನ್ನೆ ಲೇಡೀಸ್ ರೂಮಿನಲ್ಲಿ ಒಬ್ಬಳು ನನಗಾಗಿ ಕಾಯುತ್ತಿದ್ದಳು. ಕಡಬದವಳು, ಮೊದಲ ವರ್ಷ, ಪುತ್ತೂರಿನಲ್ಲಿ ಸಂಬಂಧಿಕರ ಮನೆಯಲ್ಲಿ ಇರುವವಳು. ಸೆರಗಿನ ಚುಂಗು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

"ಅಕ್ಕ, ನನಗೆ ಫಿಟ್ಸ್ ಇಲ್ಲ," ಎಂದಳು.

"ಮತ್ತೆ?"

"ನೀರು ಸೇದ್ಲಿಕ್ಕೆ ಬಾವಿಕಟ್ಟೆಗೆ ಹೋದಾಗ ಹೆದರಿಕೆ ಆಗ್ತದೆ."

"ಬಾವಿದಾ?"

"ಅಲ್ಲ ಅಕ್ಕ. ನನ್ನದೇ."

ಇವಳು ದಿನವೂ ಕ್ಲಾಸಿಗೆ ಬರುತ್ತಿದ್ದಾಳೆ. ಹಾಜರಿ ಸರಿಯಾಗಿದೆ. ಮಾರ್ಕೂ ಕಡಿಮೆ ಇಲ್ಲ. ಕಾಲೇಜಿನ ಮಟ್ಟಿಗೆ ಇವಳಿಗೆ ಏನೂ ಆಗಿಲ್ಲ. ಎಷ್ಟು ದಿನದಿಂದ, ಯಾಕೆ ಎಂದೆಲ್ಲಾ ಕೇಳಬೇಕೆನಿಸಿತು, ಆದರೆ ಅದಕ್ಕೆ ನನಗಿಂತ ತಿಳಿದವರು ಬೇಕು. ನನಗೆ ಗೊತ್ತಿದ್ದದ್ದು ಒಂದೇ, ಇವಳನ್ನು ಈಗ ಒಬ್ಬಳೇ ಬಿಡಬಾರದು. ಅವಳ ಕೈ ಹಿಡಿದುಕೊಂಡೆ. ಹೇಳಿದ್ದು ಒಳ್ಳೇದಾಯ್ತು, ಇವತ್ತು ಮನೆಗೂ ನಾವಿಬ್ಬರೂ ಒಟ್ಟಿಗೇ ಹೋಗುವುದು ಎಂದೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಳು ಮುಗಿಯುವವರೆಗೆ ಕೂತಿದ್ದೆ. ಆಮೇಲೆ ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆಯೇ, ಕೈ ಬಿಡದೆ ಪ್ರಿನ್ಸಿಪಾಲರ ಕೋಣೆಗೆ ನಡೆದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು, ಮನೆಯವರಿಗೆ ತಿಳಿಸಿ ಹೇಳಲು ದೊಡ್ಡವರು ಬೇಕಿತ್ತು. ಕಾಲೇಜು ಇರುವುದು ಮತ್ತೇಕೆ?

ಅವರು ತಲೆ ಎತ್ತಿ ನನ್ನನ್ನು ನೋಡಿದರು, ಪಕ್ಕದಲ್ಲಿದ್ದ ಅವಳನ್ನು ನೋಡಿದರು. ಬೈಯಲು ತೆರೆದ ಬಾಯಿ ಅವಳ ಮುಖ ಕಂಡು ಹಾಗೇ ಮುಚ್ಚಿತು.

"ಇವಳು ಹೇಳುದನ್ನು ನೀವು ಕೇಳ್ಬೇಕು ಸಾರ್," ಎಂದೆ. "ಇವಳ ಹತ್ತಿರವೇ ಕೇಳ್ಬೇಕು. ಹೊತ್ತು ಹಿಡೀತದೆ."

ಆ ಕೋಣೆಯಲ್ಲಿ ವಿದ್ಯಾರ್ಥಿಗಳು ಕೂತದ್ದನ್ನು ಯಾರೂ ಕಂಡಿಲ್ಲ. ಪ್ರಿನ್ಸಿಪಾಲರು ಮುಂದಿದ್ದ ಫೈಲು ಮುಚ್ಚಿದರು. ಬೆಲ್ಲು ಒತ್ತಿದರು. ಬಂದ ಜವಾನನಿಗೆ ಎರಡು ಕುರ್ಚಿ ತರಲು ಹೇಳಿ, ಹೋಗುವಾಗ ಬಾಗಿಲು ಹಾಕಿಕೋ ಎಂದರು.